ಕಾರಂಜಾ ಹಿನ್ನೀರಿಗೆ ಕಯಾಕ್ ಇಳಿಸುವ ಮುನ್ನ: ಲೈಫ್ ಜಾಕೆಟ್ ಬಗ್ಗೆ ಅನುಭವ ಹೇಳಿ

ಬೀದರ್‌ನಿಂದ ಪ್ರಶ್ನೆ:
ಇಷ್ಟು ದಿನ ದಂಡೆ ಮೇಲೆ ಕೂತು ಗಾಳ ಹಾಕುತ್ತಿದ್ದೆ. ಈಗ ಗಾಳಿ ತುಂಬುವ ಕಯಾಕ್, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ, ತಗೊಂಡಿದ್ದೇನೆ. ಈಜು ಬರುತ್ತದೆ. ಆದರೂ ಲೈಫ್ ಜಾಕೆಟ್ ಬೇಕಾ? ಈ ಬಿಸಿಲಲ್ಲಿ ಅದನ್ನು ಹಾಕಿಕೊಂಡು ಕೂರುವುದು ಹೇಗೆ?

ಕಲಬುರಗಿಯಿಂದ:
ಬೇಕೇ ಬೇಕು ಅಣ್ಣಾ. ಈಜು ಬರುವವರೇ ಜಾಕೆಟ್ ಬಿಚ್ಚಿ ಸೀಟಿನ ಹಿಂದೆ ಇಡುವುದು, ಅಲ್ವಾ? ಬೆಣ್ಣೆತೊರಾ ಜಲಾಶಯದಲ್ಲಿ ನಮ್ಮ ಜೊತೆಗಾರ ದೊಡ್ಡ ಕಟ್ಲಾ ಎಳೆಯುತ್ತಾ ಒಂದೇ ಕಡೆ ವಾಲಿದ, ಕಯಾಕ್ ಮಗುಚಿತು. ಕಾಲಿಗೆ ದಾರ ಸುತ್ತಿತ್ತು, ಪ್ಯಾಂಟು ನೆನೆದು ಭಾರವಾಗಿತ್ತು. ಅಂಥ ಹೊತ್ತಲ್ಲಿ ಜಾಕೆಟ್ ಹುಡುಕಿ ತೊಡುವುದು ಆಗದ ಮಾತು. ಅವನ ಮೈಮೇಲೆ ಮೊದಲೇ ಇತ್ತು. ಹಾಗಾಗಿ ತೇಲುತ್ತಲೇ ನಿಧಾನವಾಗಿ ದಾರ ಬಿಡಿಸಿಕೊಂಡ.

ಕೊಳ್ಳುವಾಗ ಒಳಗಿನ ಚೀಟಿ ಓದಿ. ಜಾಕೆಟ್ ಎಷ್ಟು ಬಲವಾಗಿ ತೇಲಿಸುತ್ತದೆ ಅನ್ನುವುದನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. 50 ನ್ಯೂಟನ್ ಅಂತ ಇದ್ದರೆ ಅದು ಈಜು ಬಲ್ಲವರಿಗೆ, ಹತ್ತಿರದಲ್ಲಿ ಸಹಾಯ ಇರುವಾಗ. ಎಚ್ಚರ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುತ್ತದೆ ಅಂತ ನಂಬಬೇಡಿ. ಒಬ್ಬರೇ ಹೋಗುವುದಾದರೆ 100 ನ್ಯೂಟನ್‌ದೇ ನೋಡಿ. ನಿಮ್ಮ ತೂಕಕ್ಕೆ ಆಗುತ್ತದಾ ಅನ್ನುವುದೂ ಅಲ್ಲೇ ಬರೆದಿರುತ್ತದೆ. ಸಿಲಿಂಡರ್‌ನಿಂದ ಉಬ್ಬುವ ಜಾಕೆಟ್ ಹಗುರ, ಸೆಕೆಯೂ ಕಮ್ಮಿ. ಆದರೆ ಮೀನು ಹಿಡಿಯುವ ಜಾಗದಲ್ಲಿ ಗಾಳದ ಮೊನೆ ಎಲ್ಲೆಲ್ಲೂ ಇರುತ್ತದೆ, ಒಂದು ತೂತು ಬಿದ್ದರೆ ಮುಗಿಯಿತು. ನನ್ನ ಮಟ್ಟಿಗೆ ಫೋಮ್‌ದೇ ಸರಿ. ಬೆನ್ನಿನ ಕೆಳಭಾಗದಲ್ಲಿ ಫೋಮ್ ಇಲ್ಲದ್ದು ತಗೊಳ್ಳಿ. ಇಲ್ಲವಾದರೆ ಸೀಟಿಗೆ ಒರಗಿದಾಗೆಲ್ಲ ಜಾಕೆಟ್ ಕುತ್ತಿಗೆಗೆ ಬರುತ್ತದೆ, ಬೇಸತ್ತು ಬಿಚ್ಚಿಬಿಡುತ್ತೀರಿ.

ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಮನೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಗದ್ದ, ಕಿವಿ ಮುಟ್ಟಿದರೆ ಸಡಿಲ ಇದೆ ಅಂತ ಲೆಕ್ಕ. ನೀರಲ್ಲಿ ಅದು ಇನ್ನೂ ಮೇಲೇರುತ್ತದೆ.

ಬಿಸಿಲಿನ ಮಾತು ನಿಜ. ಬೆಳಕು ಹರಿಯುವಾಗ ಇಳಿದು, ಹತ್ತರೊಳಗೆ ದಂಡೆಗೆ ಬಂದುಬಿಡಿ. ಜಾಕೆಟ್ಟನ್ನು ಒಮ್ಮೆ ನೀರಲ್ಲಿ ಅದ್ದಿ ಹಾಕಿಕೊಂಡರೆ ತುಂಬಾ ಹೊತ್ತು ತಂಪಾಗಿರುತ್ತದೆ.

ಸುರಪುರದಿಂದ:
ನಾನು ಕೃಷ್ಣಾ ಕಡೆಯವನು. ಮುಂದೆ ನದಿಗೂ ಹೋಗುವ ಮನಸ್ಸಿದ್ದರೆ ಒಂದು ಮಾತು. ಇಲ್ಲಿ ಮಳೆ ಇಲ್ಲದಿದ್ದರೂ ನೀರು ಏರುತ್ತದೆ. ನಾರಾಯಣಪುರ ಅಣೆಕಟ್ಟಿನ ಗೇಟು ತೆಗೆದರೆ ಸಾಕು. ಭೀಮೆಯೂ ಹಾಗೇ, ಮಹಾರಾಷ್ಟ್ರದಿಂದ ನೀರು ಬಿಡುತ್ತಾರೆ. 2020ರ ಅಕ್ಟೋಬರ್ ಪ್ರವಾಹ ನೆನಪಿರಬಹುದು. ನೀರು ಬಿಡುವ ಸುದ್ದಿ ಇದ್ದ ದಿನ ಜಾಕೆಟ್ ಇದ್ದರೂ ಇಳಿಯಬೇಡಿ. ಹರಿಯುವ ನೀರಲ್ಲಿ ಲಂಗರನ್ನು ಕಯಾಕ್‌ನ ಪಕ್ಕಕ್ಕೆ ಕಟ್ಟಬೇಡಿ, ನೀರು ಅದನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ತುದಿಗೇ ಕಟ್ಟಿ.

ಭಾಲ್ಕಿಯಿಂದ:
ಕಾರಂಜಾ ನಮ್ಮೂರ ನೀರು. ದಂಡೆಯ ಹತ್ತಿರ ಮುಳುಗಿದ ಬಳ್ಳಾರಿ ಜಾಲಿಯ ಮುಳ್ಳಿರುತ್ತದೆ, ಗಾಳಿ ಕಯಾಕ್‌ಗೆ ಅದೇ ಶತ್ರು. ನೀರು ಇಳಿದಾಗ ಒಮ್ಮೆ ಹೋಗಿ ಜಾಗ ನೋಡಿಕೊಳ್ಳಿ. ಮೀನುಗಾರರು ರಾತ್ರಿ ಬಿಟ್ಟ ಬಲೆ ಬೆಳಿಗ್ಗೆಯೂ ನೀರಲ್ಲೇ ಇರುತ್ತದೆ. ಬಲೆ ಎಲ್ಲಿದೆ ಅಂತ ಅವರನ್ನೇ ಕೇಳಿ, ಗಾಳ ಹಾಕಲು ಅವರ ಒಪ್ಪಿಗೆಯನ್ನೂ ಪಡೆಯಿರಿ. ಕೈಗೆಟುಕುವ ಹಾಗೆ ಜಾಕೆಟ್ಟಿಗೆ ಸಣ್ಣ ಚಾಕು, ಸೀಟಿ ಕಟ್ಟಿಕೊಳ್ಳಿ. ಮೊಬೈಲು ನೀರು ಹೋಗದ ಚೀಲದಲ್ಲಿ ಮೈಮೇಲೇ ಇರಲಿ. ಕಯಾಕ್‌ನಲ್ಲಿಟ್ಟರೆ ಅದು ಗಾಳಿಗೆ ತೇಲಿಹೋದಾಗ 112ಕ್ಕೆ ಫೋನ್ ಮಾಡೋದು ಹೇಗೆ? ಏಪ್ರಿಲ್, ಮೇ ಸಂಜೆ ಮೋಡ ಕಪ್ಪಾದರೆ ತಕ್ಷಣ ದಡ ಸೇರಿ. ಬಯಲು ನೀರಲ್ಲಿ ಗಾಳದ ಕಾರ್ಬನ್ ಕೋಲು ಹಿಡಿದು ಕೂತರೆ ಸಿಡಿಲಿನ ಅಪಾಯ ಜಾಸ್ತಿ.

ಮೊದಲ ದಿನ ಗಾಳ ತರಲೇಬೇಡಿ. ಎದೆಮಟ್ಟದ ನೀರಲ್ಲಿ ಬೇಕಂತಲೇ ಮಗುಚಿ. ಕಯಾಕ್ ಬಿಡದೆ ನೆಟ್ಟಗೆ ಮಾಡಿ, ಕಾಲು ಬಡಿಯುತ್ತಾ ಹೊಟ್ಟೆ ಮೇಲೆ ಅಡ್ಡ ಹತ್ತಿ, ಹೊರಳಿ ಕೂತುಕೊಳ್ಳಿ. ಜಾಕೆಟ್ ಹಾಕಿಕೊಂಡೇ ಇದನ್ನು ಕಲಿಯಬೇಕು, ಮುಂಭಾಗದ ದಪ್ಪ ಮೊದಮೊದಲು ಅಡ್ಡ ಬರುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಭಾನುವಾರ ಇಟ್ಟುಕೊಂಡರೆ ನಾನೇ ಬರುತ್ತೇನೆ.