ಒಬ್ಬನೇ ಬೆಂಗಳೂರು–ಶ್ರೀನಗರ, ಪೋರ್ಷೆ 718 ಕೇಮನ್‌ನಲ್ಲಿ: ಹೋಗಿ ಬಂದವರು ಅನುಭವ ಹೇಳಿ

ಕೋರಮಂಗಲ ಕೇಮನ್
ಸೆಕೆಂಡ್ ಹ್ಯಾಂಡ್ 718 ಕೇಮನ್ ತಗೊಂಡಿದ್ದೀನಿ, ಪೋರ್ಷೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರ್. 2019ರ ಗಾಡಿ, 19 ಇಂಚಿನ ಚಕ್ರ. ಅಕ್ಟೋಬರ್ ಮಧ್ಯದಲ್ಲಿ ಎನ್‌ಎಚ್ 44 ಹಿಡಿದು ಶ್ರೀನಗರಕ್ಕೆ ಹೋಗಿ ಅದೇ ದಾರೀಲಿ ವಾಪಸ್. ಜೊತೆಗೆ ಯಾರೂ ಇಲ್ಲ. ರಾತ್ರಿ ನಿಲ್ಲೋದು ಹೈದರಾಬಾದ್, ನಾಗಪುರ, ಝಾನ್ಸಿ, ಕರ್ನಾಲ್, ಜಮ್ಮು. ಕೇಳಬೇಕಿರೋದು ಎರಡೇ: ಸ್ಟೆಪ್ನಿ ಇಲ್ಲದ ಗಾಡಿಗೆ ಪಂಕ್ಚರ್ ಆದ್ರೆ ಏನು ಮಾಡೋದು, ಜಮ್ಮು ದಾಟಿದ ಮೇಲೆ ತಳ ತಾಗುತ್ತಾ? ಹೋಟೆಲ್, ಊಟ, ದಾರಿ ಎಲ್ಲ ಗೊತ್ತಿದೆ.

ಟಯರ್ ಶಿವಮೊಗ್ಗ
ಗಾಡಿ ಜೊತೆ ಬರೋ ಸೀಲಂಟ್ ಬಾಟಲಿ ಕೊನೇ ಅಸ್ತ್ರ, ಮೊದಲನೇದಲ್ಲ. ಮೊದಲು ಅದರ ಎಕ್ಸ್‌ಪೈರಿ ನೋಡಿ, 2019ರದ್ದೇ ಬಾಟಲಿ ಇದ್ರೆ ಎಸೀರಿ. ಆ ಅಂಟು ಒಳಗೆ ಹೋದ ಟಯರನ್ನ ಆಮೇಲೆ ಯಾವನೂ ಸರಿಯಾಗಿ ಪ್ಯಾಚ್ ಮಾಡಲ್ಲ. ನನ್ನ ಗಾಡಿಯ ಹಿಂಚಕ್ರದ ಟಯರ್ (ಸೈಜು 265/40 ಆರ್19) ಹಾಳಾಗಿದ್ದು ಮೊಳೆಯಿಂದಲ್ಲ, ಆ ಅಂಟಿಂದ. ಟಯರ್ 38,400, ಒಳಗೆ ಮೆತ್ತಿದ್ದು ತೊಳೆದು ಬ್ಯಾಲೆನ್ಸ್ ಮಾಡಿದ್ದು ಬೇರೆ 1,800. ಬಿಲ್ ಇನ್ನೂ ಇಟ್ಟಿದ್ದೀನಿ.

ಮಾಡಬೇಕಾದ್ದು ಇಷ್ಟು. ದಾರದ ಪಂಕ್ಚರ್ ಕಿಟ್, ರಬ್ಬರ್ ಸೊಲ್ಯೂಷನ್, ಕಟಿಂಗ್ ಪ್ಲೈಯರ್, ಗಾಡಿಯ 12 ವೋಲ್ಟ್ ಕಂಪ್ರೆಸರ್. ಚಕ್ರ ಬಿಚ್ಚಬೇಕಾಗಿಲ್ಲ: ಮುಂದಿನದಾದ್ರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಿಂದಿನದಾದ್ರೆ ಮೊಳೆ ಕೈಗೆ ಸಿಗೋವರೆಗೂ ಗಾಡಿ ಒಂದಡಿ ಅರ್ಧ ಅಡಿ ಉರುಳಿಸಿ. ಕಂಪ್ರೆಸರ್ ಜೋಡಿಸಿ ಇಟ್ಟುಕೊಂಡ ಮೇಲೇ ಮೊಳೆ ಕೀಳಿ. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆಯೋ ಅದೇ ಓರೆಯಲ್ಲಿ ರೀಮರ್ (ಕಿಟ್‌ನಲ್ಲಿರೋ, ತೂತು ಉಜ್ಜೋ ಮೊನೆ) ಎಂಟು ಹತ್ತು ಸಲ ಆಡಿಸಬೇಕು. ನೇರ ಚುಚ್ಚಿದ್ರೆ ಒಳಗಿನ ಉಕ್ಕಿನ ಎಳೆ ಕತ್ತರಿಸಿ ಇನ್ನೊಂದು ತೂತು ಆಗತ್ತೆ. ದಾರಕ್ಕೆ ಸೊಲ್ಯೂಷನ್ ಹಚ್ಚಿ ತುರುಕಿ, ಸೂಜಿ ಒಂದೇ ಎಳೆತಕ್ಕೆ ಹೊರಗೆ ಬರಲಿ, ಉಳಿದ ತುದಿ ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ, ಸೋಪು ನೀರು ಬಿಟ್ಟು ನೋಡಿ. ಇದು ಮುಂದಿನ ದೊಡ್ಡ ಊರಿನವರೆಗೆ ಮಾತ್ರ. ಅಲ್ಲಿ ಟಯರ್ ಬಿಚ್ಚಿಸಿ ಒಳಗಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ ರಬ್ಬರ್ ತುಂಡು) ಹಾಕಿಸಿ.

ಪಕ್ಕದ ಗೋಡೆ ಸೀಳಿದ್ರೆ ಇದ್ಯಾವುದೂ ಕೆಲಸಕ್ಕೆ ಬರಲ್ಲ. ಅದಕ್ಕೇ ಒಂಟಿ ಪ್ರಯಾಣದ ದೊಡ್ಡ ಅನುಕೂಲ ಪಕ್ಕದ ಸೀಟು. ಹಿಂಚಕ್ರದ ಸೈಜಿನ ಒಂದು ಟಯರ್, ರಿಮ್ ಇಲ್ಲದೆ, ಅಲ್ಲಿ ಕೂರಿಸಿ ಬೆಲ್ಟ್ ಹಾಕಿ. ವ್ಯಾಸ ಸುಮಾರು 695 ಮಿ.ಮೀ., ಹಿಡಿಯತ್ತೆ. ಆ ಸೈಜು ಝಾನ್ಸಿಯಲ್ಲಿ ಯಾವ ಅಂಗಡೀಲೂ ಇಟ್ಟಿರಲ್ಲ. 19 ಎಂಎಂ ಸಾಕೆಟ್, ಚಕ್ರ ಕದಿಯದಂತೆ ಹಾಕಿರೋ ಲಾಕ್ ಬೋಲ್ಟಿನ ಅಡಾಪ್ಟರ್, ಬಿಗಿಯೋ ಬಲ ಅಳೆಯೋ ಟಾರ್ಕ್ ವ್ರೆಂಚ್ (ಬೋಲ್ಟಿಗೆ 160 ಎನ್‌ಎಂ) ಮರೀಬೇಡಿ. ಅಡಾಪ್ಟರ್ ಇಲ್ಲದೆ ಚಕ್ರ ಬಿಚ್ಚೋಕೆ ಬೋಲ್ಟ್ ಒಡೆಯೋದೊಂದೇ ದಾರಿ. ಸೆಕೆಂಡ್ ಹ್ಯಾಂಡ್ ಗಾಡೀಲಿ ಮೊದಲು ಕಾಣೆಯಾಗೋದೂ ಅದೇ.

ಮಂಗ್ಳೂರು ವಿ8
ಟಯರ್ ಬಿಡಿ, ಹೊಟ್ಟೆ ನೋಡಿಕೊಳ್ಳಿ ಮಾರಾಯ್ರೇ. ನನ್ನದು ಮಸ್ಟ್ಯಾಂಗ್ ಜಿಟಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮ ಐಆರ್‌ಸಿ 99 ಹೇಳುವ ಹಂಪ್ ಉಂಟಲ್ಲ, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಅದಕ್ಕೆ ಯಾವ ಕಾರೂ ತಾಗುವುದಿಲ್ಲ. ತಾಗುವುದು ಸರ್ವಿಸ್ ರಸ್ತೆಯಲ್ಲಿ ಊರಿನವರು ಡಾಂಬರು ಸುರಿದು ಕಟ್ಟಿದ ಅರ್ಧ ಮೀಟರ್ ಅಗಲದ ದಿಬ್ಬಕ್ಕೆ. ಫ್ಲೈಓವರ್ ಕೆಲಸ ಇದ್ದ ಕಡೆಯೆಲ್ಲ ಹೆದ್ದಾರಿಯಿಂದ ಕೆಳಗೆ ಇಳಿಸುತ್ತಾರೆ, ಅಲ್ಲೇ ಎಲ್ಲ ಇರುವುದು. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿ. ನನ್ನ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ) 2,720 ಮಿ.ಮೀ., ನಿಮ್ಮದು 2,475. ಕಾಲು ಮೀಟರ್ ಗಿಡ್ಡ, ಅಷ್ಟೂ ಲಾಭ.

ತಳದ ಪ್ಲಾಸ್ಟಿಕ್ ಶೀಲ್ಡಿನ ಕ್ಲಿಪ್ಪು, ಸ್ಕ್ರೂ ಹತ್ತಿಪ್ಪತ್ತು ಜೊತೆಗೆ ಇರಲಿ, ಇಪ್ಪತ್ತು ಜಿಪ್ ಟೈ ಕೂಡ. ಶೀಲ್ಡ್ ಒಂದು ಕಡೆ ಬಿಚ್ಚಿಕೊಂಡರೆ ನೂರರ ವೇಗಕ್ಕೆ ಗಾಳಿ ಅದನ್ನು ಪೂರ್ತಿ ಕಿತ್ತುಹಾಕುತ್ತದೆ. ಶೀಲ್ಡಿಗೆ ನನ್ನಿಂದ 46,000 ಕಿತ್ತರು, ಎರಡು ತಿಂಗಳು ಕಾಯಿಸಿದರು. ಹೋಟೆಲ್ ಬುಕ್ ಮಾಡುವ ಮೊದಲು ಫೋನ್ ಮಾಡಿ ಬೇಸ್‌ಮೆಂಟ್ ರ್‍ಯಾಂಪಿನ ಫೋಟೊ ತರಿಸಿ. ರ್‍ಯಾಂಪ್ ಮುಗಿದು ನೆಲ ಸೇರುವ ಮೂಲೆ ಹಂಪಿಗಿಂತ ಕೆಟ್ಟದ್ದು.

ಅತ್ತಿಗುಪ್ಪೆ ಆಕ್ಟೇನ್
ವೀಲ್‌ಬೇಸ್ ಲೆಕ್ಕ ತಪ್ಪು. ಅಗಲವಾದ ದಿಬ್ಬಕ್ಕೆ ಅದು ಬರತ್ತೆ. ಕಿರಿದಾದ ದಿಬ್ಬ ಎರಡು ಆಕ್ಸಲ್ ನಡುವೆ ಬಂದಾಗ ನಾಲ್ಕೂ ಚಕ್ರ ಸಮನೆಲದ ಮೇಲಿರತ್ತೆ. ಆಗ ಲೆಕ್ಕಕ್ಕೆ ಬರೋದು ಗ್ರೌಂಡ್ ಕ್ಲಿಯರೆನ್ಸ್ ಒಂದೇ, ಕೇಮನ್‌ದು 130 ಮಿ.ಮೀ. ಆಸುಪಾಸು. ಓರೆ ದಾಟೋದೂ ಪೂರ್ತಿ ಉಪಾಯ ಅಲ್ಲ. 45 ಡಿಗ್ರಿಯಲ್ಲಿ ಎರಡನೇ ಮುಂಚಕ್ರ ದಿಬ್ಬ ಮುಟ್ಟಿ, ಆಮೇಲೆ ಮೊದಲ ಹಿಂಚಕ್ರ ಮುಟ್ಟೋಕೆ ಇನ್ನೂ ಒಂದು ಮೀಟರ್ ಹತ್ತತ್ರ ಉಳಿದಿರತ್ತೆ. ದಿಬ್ಬ ಕಿರಿದಾಗಿದ್ರೆ ಆ ನಡುವೆ ಯಾವ ಚಕ್ರವೂ ಮೇಲಿರಲ್ಲ. ದಿಬ್ಬ 15 ಸೆಂ.ಮೀ. ಇದ್ರೆ ತಾಗೇ ತಾಗತ್ತೆ. ಮಣ್ಣಿನ ಅಂಚು ಸಿಕ್ಕಿದ್ರೆ ಒಂದು ಬದಿ ಚಕ್ರ ಅಲ್ಲಿ ಇಳಿಸಿ.

ಅದಿರಲಿ. ಯಾರೂ ಪೆಟ್ರೋಲ್ ಬಗ್ಗೆ ಮಾತಾಡ್ತಿಲ್ಲ. ಇಂಜಿನ್ ಟರ್ಬೊ. ಕಂಪನಿ ಹೇಳೋದು 98 ಆಕ್ಟೇನ್ (ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯೋ ಗುಣದ ಅಳತೆ), ಕನಿಷ್ಠ 95. ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ 100 ಬೆಂಗಳೂರು, ಹೈದರಾಬಾದ್, ಆಗ್ರಾ, ದೆಹಲಿ, ಲೂಧಿಯಾನದಲ್ಲಿ ಸಿಗತ್ತೆ, ಅದೂ ಆಯ್ದ ಬಂಕುಗಳಲ್ಲಿ, ಲೀಟರಿಗೆ 160ರ ಸುತ್ತ. ಹೈದರಾಬಾದಿಂದ ಆಗ್ರಾವರೆಗೆ ಸಾವಿರ ಕಿ.ಮೀ. ಮೀರಿದ ಖಾಲಿ, ಅಲ್ಲಿ 95ರ ಎಕ್ಸ್‌ಪಿ ಅಥವಾ ಪವರ್ ಸಿಕ್ಕಿದ್ರೆ ಹಾಕಿಸಿ. ಟ್ಯಾಂಕು ಸ್ಟ್ಯಾಂಡರ್ಡ್ ಆದ್ರೆ 54 ಲೀಟರ್. ನೂರರ ವೇಗದಲ್ಲಿ ನನ್ನದು 12 ಕೊಡತ್ತೆ. ಆದ್ರೂ 350 ಕಿ.ಮೀ.ಗೊಮ್ಮೆ ತುಂಬಿಸಿಬಿಡಿ, ಒಳ್ಳೆ ಬಂಕ್ ಬಂದಾಗ ಹಾಕಿಸಬೇಕು, ಟ್ಯಾಂಕು ಖಾಲಿಯಾದಾಗಲ್ಲ.

ಮಂಗ್ಳೂರು ವಿ8
ಲೆಕ್ಕ ಕಲಿಸಲು ಬಂದಿರಿ, ಸಂತೋಷ. ಮಣ್ಣಿನ ಅಂಚಿಗೆ 265ರ ಟಯರ್ ಇಳಿಸಿ ಗೋಡೆ ಸೀಳಿಕೊಂಡರೆ ಬಿಲ್ ನಿಮಗೆ ಕಳಿಸುವುದಾ? ಮತ್ತೆ ಈಗ ಶೇ. 20 ಎಥೆನಾಲ್ ಬೆರೆಸಿದ ಇ20 ಸಾದಾ ಪೆಟ್ರೋಲೇ 95 ಆಕ್ಟೇನ್. ಲೀಟರಿಗೆ 160 ಎಂತದಕ್ಕೆ?

ಅತ್ತಿಗುಪ್ಪೆ ಆಕ್ಟೇನ್
ಆಕ್ಟೇನ್ ಬೇರೆ, ಶಕ್ತಿ ಬೇರೆ, ಸ್ವಾಮಿ. ಎಥೆನಾಲ್‌ನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಐದನೇ ಒಂದು ಪಾಲು ಬೆರೆಸಿದ್ರೆ ಒಟ್ಟಲ್ಲಿ ಆರೇಳು ಪರ್ಸೆಂಟ್ ಹೋಯ್ತು. 2019ರ ಗಾಡಿಯ ಫ್ಯೂಯಲ್ ಮುಚ್ಚಳದ ಒಳಗಡೆ ಇ10 ಅಂತಿದ್ಯಾ ನೋಡಿ, ಇದ್ರೆ ಕಂಪನಿ ಒಪ್ಪಿರೋದು ಅಷ್ಟೇ. ಓಡೋವಾಗ ತೊಂದರೆ ಕಮ್ಮಿ, ನಿಲ್ಲಿಸಿದಾಗ ಜಾಸ್ತಿ: ಎಥೆನಾಲ್ ನೀರು ಹೀರತ್ತೆ. ವಾಪಸ್ ಬಂದು ತಿಂಗಳುಗಟ್ಟಲೆ ಕವರ್ ಹಾಕಿಡೋರು ಕೊನೇ ಟ್ಯಾಂಕು ಎಕ್ಸ್‌ಪಿ 100 ಹಾಕಿಸಿ ನಿಲ್ಲಿಸಬೇಕು, ಅದರಲ್ಲಿ ಎಥೆನಾಲ್ ಇಲ್ಲ. 160 ಅದಕ್ಕೆ.

ಧಾರವಾಡ ಜಿಟಿಐ
ಏನ್ರಿ ಇದು, ಒಂದ್ ಹಂಪಿಗೆ ಇಷ್ಟ್ ಗಣಿತ! ಪಕ್ಕದ ಸೀಟಿನ್ಯಾಗ ಟಯರ್ ಕುಂದ್ರಿಸಿ ಕಾಶ್ಮೀರಕ್ಕ ಹೋಗೂದ್ರಿ? ಪೋಲೊ ಜಿಟಿಐ ತಗೋರಿ. 1.8 ಲೀಟರ್, 192 ಪಿಎಸ್, ನಾಕೂ ಟಯರ್ ಒಂದ ಸೈಜ್. ಹಿಂದಿಂದು ಹೋದ್ರ ಮುಂದಿಂದು ಹಾಕಬಹುದು, ಎಲ್ಲಾ ಊರಾಗ ಸಿಗ್ತಾವ. ಸಸ್ಪೆನ್ಶನ್ ಬುಶ್ ಹೋದ್ರ ಸಾದಾ ಮೆಕ್ಯಾನಿಕ್ ಕಡೆ ಕೆಲಸ ಆಗ್ತದ. ಬ್ಯಾಗ್ ಎರಡ್ ಹೆಚ್ಚಿಗಿ ಹಿಡಿತಾವ. ಲಾಂಗ್ ಹೋಗಾಕ ಇದಕ್ಕಿಂತ ಛಲೋ ಸ್ಪೋರ್ಟ್ಸ್ ಕಾರ್ ಇಲ್ರಿ.

ಟಯರ್ ಶಿವಮೊಗ್ಗ
ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್ ಯಾವಾಗಿಂದ ಸ್ಪೋರ್ಟ್ಸ್ ಕಾರ್ ಆಯ್ತು? ಹೋಗಲಿ, ಗೇರ್‌ಬಾಕ್ಸ್ ಬಗ್ಗೆ ಯಾಕೆ ಬಾಯಿ ಬಿಡಲಿಲ್ಲ? ಜಿಟಿಐದು ಡಿಕ್ಯೂ200 ಆಟೊಮ್ಯಾಟಿಕ್, ಎಣ್ಣೆ ಇಲ್ಲದ ಒಣ ಕ್ಲಚ್. ಜಮ್ಮು–ಶ್ರೀನಗರ ನಡುವಿನ ರಾಮಬನ್ ಏರಿನಲ್ಲಿ ಲಾರಿಗಳ ಹಿಂದೆ ಗಂಟೆಗಟ್ಟಲೆ ತೆವಳಿದ್ರೆ ಕಾಯೋದು ಅದೇ. ಪೋರ್ಷೆಯ ಆಟೊಮ್ಯಾಟಿಕ್ ಪಿಡಿಕೆ ಎಣ್ಣೆಯಲ್ಲಿ ಮುಳುಗಿರೋ ಕ್ಲಚ್, ತಡೆಯತ್ತೆ.

ಧಾರವಾಡ ಜಿಟಿಐ
ಒಣ ಕ್ಲಚ್ ಇದ್ರ ಏನಾತ್ರಿ, ಓಡಸಾಕ ಬರಬೇಕು. ಮುಂದಿನ ಲಾರಿ ಮೂವತ್ತ ಮೀಟರ್ ದೂರ ಹೋಗೂತನಾ ಬ್ರೇಕ್ ಹಿಡದ ನಿಂದರಬೇಕು, ಆಮ್ಯಾಲ ಒಂದ ಸಲಕ್ಕ ಬಿಡಬೇಕು. ಬ್ರೇಕ್ ಅರ್ಧಾ ಬಿಟ್ಟು ಇಂಚಿಂಚು ತೆವಳಿದ್ರ ಯಾವ ಕ್ಲಚ್ ಆದ್ರೂ ಸುಡತದ. ನಿಮ್ಮ ಪಿಡಿಕೆ ಕೆಟ್ಟರ ಬಿಲ್ಲಿನ ದುಡ್ಡಿನ್ಯಾಗ ನಮ್ಮದೊಂದ್ ಗಾಡಿನ ಬರತದ.

ಕೋರಮಂಗಲ ಕೇಮನ್
ಸಾರ್, ಎಲ್ಲರಿಗೂ ಥ್ಯಾಂಕ್ಸ್. ಜಮ್ಮು ದಾಟಿದ ಮೇಲೆ ತಳ ತಾಗುತ್ತಾ ಅಂತ ಕೇಳಿದ್ದೆ.

ಜಯನಗರ 911
ದೆಹಲಿವರೆಗೆ ಮುಚ್ಚಿದ ಕಂಟೇನರ್‌ನಲ್ಲಿ ಕಳಿಸಿ, ವಿಮಾನದಲ್ಲಿ ಹೋಗಿ ಇಳಿಸಿಕೊಳ್ಳಿ. ನಾನು ಮಾಡಿದ್ದು ಇದೇ, ಯಾರ ಮಾತಿಗೂ ತಲೆ ಕೆಡಿಸಿಕೊಂಡಿಲ್ಲ. ಒಂದೇ ಗಾಡಿಯ ಕಂಟೇನರ್ ಆದರೆ ಲಕ್ಷದ ಹತ್ತಿರ ಹೋಗುತ್ತದೆ. ಹಿಂದಿನ ಒಂದು ಜೊತೆ ಟಯರಿನ ಸವೆತ, ಮುಂದಿನ ಬಂಪರಿಗೆ ಕಲ್ಲೇಟು, ಗಾಜಿನ ಬಿರುಕು ಲೆಕ್ಕ ಹಾಕಿದರೆ ನಷ್ಟವಿಲ್ಲ. ಹತ್ತಿಸುವಾಗ ಮೂರು ಷರತ್ತು: ರ್‍ಯಾಂಪಿನ ಕೆಳಗೆ ಮರದ ಹಲಗೆ ಕೊಟ್ಟು ಏರು ತಗ್ಗಿಸಬೇಕು, ಪಟ್ಟಿ ಟಯರಿಗೆ ಬಿಗಿಯಬೇಕೇ ಹೊರತು ಸಸ್ಪೆನ್ಶನ್ ಆರ್ಮ್‌ಗೆ ಕೊಕ್ಕೆ ಹಾಕಬಾರದು, ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಜಾಸ್ತಿ ಬೇಡ.

ಮಂಗ್ಳೂರು ವಿ8
ಲಾರಿಯ ಮೇಲೆ ಹೋದದ್ದು ಗಾಡಿ, ವಿಮಾನದಲ್ಲಿ ಹೋದದ್ದು ನೀವು. ಇದಕ್ಕೆ ರೋಡ್ ಟ್ರಿಪ್ ಅನ್ನುವುದು ಹೇಗೆ? ಸಿವನಿ–ನಾಗಪುರ ನಡುವಿನ ಪೆಂಚ್ ಕಾಡು, ಪ್ರಾಣಿಗಳು ಕೆಳಗೆ ದಾಟಲಿ ಎಂದು ಎತ್ತರಿಸಿ ಕಟ್ಟಿದ ಆ ರಸ್ತೆ, ಎಲ್ಲ ಕಂಟೇನರೇ ನೋಡಿತಾ?

ಜಯನಗರ 911
ನಿಮ್ಮ ಶೀಲ್ಡ್ 46,000 ಅಂದಿರಲ್ಲ, ಅದು ಪೆಂಚ್ ಟಿಕೆಟ್ಟಾ?

ಉಡುಪಿ ಕಣಿವೆ
ಕೇಳಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ, ನಾನು ಕೊಡ್ತೇನೆ. ಜಮ್ಮುವಿನಿಂದ ಉಧಂಪುರ, ಚೆನಾನಿವರೆಗೆ ನಾಲ್ಕು ಲೇನ್, ತಾಗುವುದಿಲ್ಲ. ಚೆನಾನಿ–ನಾಶ್ರಿ ಸುರಂಗ 9 ಕಿ.ಮೀ. ಮೇಲೆ, 2017ರಿಂದ ಉಂಟು, ಪಟ್ನಿಟಾಪ್ ಹತ್ತುವುದು ತಪ್ಪಿತು. ಆ ತುದಿಯಲ್ಲಿ ಬನಿಹಾಲ್–ಖಾಜಿಗುಂಡ್ ಸುರಂಗ ಎಂಟೂವರೆ ಕಿ.ಮೀ., 2021ರಿಂದ. ಅದರಾಚೆ ಕಣಿವೆ, ರಸ್ತೆ ಚಂದ. ಕಷ್ಟ ಇರುವುದು ಎರಡು ಸುರಂಗಗಳ ನಡುವೆ, ನಾಶ್ರಿಯಿಂದ ರಾಮಬನ್ ದಾಟಿ ಬನಿಹಾಲ್‌ವರೆಗೆ. ಗುಡ್ಡ ಕಡಿದು ಅಗಲ ಮಾಡುವ ಕೆಲಸ, ಮಳೆ ಬಂದರೆ ಕೆಸರು, ಮೇಲಿನಿಂದ ಕಲ್ಲು. ಡಾಂಬರು ಇರುವಲ್ಲಿ ತೊಂದರೆ ಇಲ್ಲ. ಜಲ್ಲಿ ಹರಡಿದ ಬದಲಿ ದಾರಿಗೆ ಇಳಿಸಿದರೆ ಲಾರಿ ಚಕ್ರದ ಜಾಡಿನ ನಡುವಿನ ದಿಣ್ಣೆ ಹೊಟ್ಟೆಗೆ ಬರುತ್ತದೆ, ಆ ದಿಣ್ಣೆಯ ಮೇಲೆಯೇ ಒಂದು ಬದಿಯ ಚಕ್ರ ಓಡಿಸಿ.

ಅಕ್ಟೋಬರ್ ಅಂದರೆ ಸೇಬಿನ ಲಾರಿಗಳ ಕಾಲ. ಒಮ್ಮೊಮ್ಮೆ ಒಂದೇ ದಿಕ್ಕಿಗೆ ಗಾಡಿ ಬಿಡುತ್ತಾರೆ, ಹಿಂದಿನ ರಾತ್ರಿ ಜಮ್ಮು ಕಾಶ್ಮೀರ ಟ್ರಾಫಿಕ್ ಪೊಲೀಸರ ಪ್ರಕಟಣೆ ನೋಡಿಯೇ ಹೊರಡಿ. ಪೆಟ್ರೋಲ್ ಉಧಂಪುರದಲ್ಲಿ ತುಂಬಿಸಿ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ಸತ್ತ ಹಾಗೆ, ಪೋಸ್ಟ್‌ಪೇಯ್ಡ್ ಬೇಕು. ಒಬ್ಬರೇ ಹೋಗುವಾಗ ಟೋ ಗಾಡಿ ಕರೆಯುವುದೂ ಅದರಿಂದಲೇ ಅಲ್ವಾ. ಇನ್ನೊಂದು, ನಾಗಪುರದ ಬಿಸಿಲಿನಲ್ಲಿ ಹೊಂದಿಸಿದ ಗಾಳಿ ಶ್ರೀನಗರದ ಬೆಳಗಿನ ಚಳಿಗೆ ನಾಲ್ಕೈದು ಪಿಎಸ್‌ಐ ಇಳಿದಿರುತ್ತದೆ. 10 ಡಿಗ್ರಿ ಸೆಲ್ಸಿಯಸ್‌ಗೆ 0.1 ಬಾರ್ ಲೆಕ್ಕ. ಟಯರ್ ತಣ್ಣಗಿರುವಾಗಲೇ ಬಾಗಿಲ ಪಟ್ಟಿ ನೋಡಿ ತುಂಬಿಸಿ, ವಾಪಸ್ ಇಳಿಯುವಾಗ ಮತ್ತೆ ಬಿಡಿ.

ಟಯರ್ ಶಿವಮೊಗ್ಗ
ದಿಣ್ಣೆ ಮೇಲೆ ಚಕ್ರ ಸರಿ, ಆದ್ರೆ ಜಲ್ಲಿ ಮೇಲೆ ಗಾಳಿ ಕಮ್ಮಿ ಇಟ್ಟು ಹೋದ್ರೆ ರಿಮ್ ಸೊಟ್ಟಗಾಗತ್ತೆ. ಬಾಗಿಲ ಪಟ್ಟೀಲಿ ಪೂರ್ತಿ ಲೋಡಿನ ಅಂಕಿ ಇರತ್ತಲ್ಲ, ಅದನ್ನೇ ಹಾಕಿ.

ಜಯನಗರ 911
ಬ್ಯಾಟರಿ ವಿಷಯ ಯಾರಿಗೂ ನೆನಪಾಗಿಲ್ಲ. ಚಳಿಯಲ್ಲಿ ಬ್ಯಾಟರಿ ಸತ್ತರೆ ಮುಂದಿನ ಡಿಕ್ಕಿ ತೆಗೆಯಲು ಬರುವುದಿಲ್ಲ. ಬ್ಯಾಟರಿ ಇರುವುದು ಅದರೊಳಗೇ, ಟೋ ಕೊಕ್ಕೆಯೂ ಅಲ್ಲೇ. ಡ್ರೈವರ್ ಕಾಲಿನ ಬದಿಯ ಫ್ಯೂಸ್ ಬಾಕ್ಸಿನಲ್ಲಿ ಹೊರಗೆಳೆಯುವ ಪಾಸಿಟಿವ್ ಟರ್ಮಿನಲ್ ಇದೆ. ಬೇರೆ ಬ್ಯಾಟರಿಯ ಪಾಸಿಟಿವ್ ಅದಕ್ಕೆ, ನೆಗೆಟಿವ್ ಬಾಗಿಲಿನ ಲೋಹದ ಭಾಗಕ್ಕೆ ಕೊಟ್ಟರೆ ಡಿಕ್ಕಿಯ ಲಾಚ್ ಬಿಡುತ್ತದೆ. ಅದರಿಂದ ಇಂಜಿನ್ ಶುರು ಮಾಡಲು ಹೋಗಬೇಡಿ, ಆ ತಂತಿ ಅಷ್ಟು ಕರೆಂಟು ತಡೆಯದು. ಜಂಪ್ ಸ್ಟಾರ್ಟರನ್ನು ಸೀಟಿನ ಹಿಂದೆ ಇಡಿ, ಡಿಕ್ಕಿಯಲ್ಲಲ್ಲ. ಹ್ಯಾಂಡ್‌ಬ್ರೇಕೂ ವಿದ್ಯುತ್ತಿನದೇ. ಬ್ಯಾಟರಿ ಸತ್ತಾಗ ಚಕ್ರದ ಕೆಳಗೆ ಉರುಳುಗಾಲಿ ಇಡದೆ ಗಾಡಿ ಎಳೆಯಲು ಯಾರಿಗೂ ಬಿಡಬೇಡಿ.

ಅತ್ತಿಗುಪ್ಪೆ ಆಕ್ಟೇನ್
ಸೆಕೆಂಡ್ ಹ್ಯಾಂಡ್ ಅಂದ್ರಲ್ಲ, ಆರ್‌ಸಿ ನಿಮ್ಮ ಹೆಸರಿಗಾಗಿ ಇನ್ಶೂರೆನ್ಸ್ ಹಳೇ ಓನರ್ ಹೆಸರಲ್ಲೇ ಇದ್ರೆ ಓನ್ ಡ್ಯಾಮೇಜ್ (ನಿಮ್ಮ ಗಾಡಿಗಾದ ಹಾನಿ) ಕ್ಲೇಮ್ ಸಿಗಲ್ಲ. ವರ್ಗಾವಣೆಗೆ 14 ದಿನ ಗಡುವು. ಫಾಸ್ಟ್ಯಾಗ್ ಕೂಡ ಅವನದ್ದೇ ಇರತ್ತೆ, ಬದಲಾಯಿಸಿ. ಫಾಸ್ಟ್ಯಾಗಿನ ವಾರ್ಷಿಕ ಪಾಸ್ ತಗೊಂಡ್ರೆ ಹೋಗಿ ಬರೋ ಟೋಲ್ ಪೂರ್ತಿ ಅದರಲ್ಲೇ ಮುಗಿಯತ್ತೆ.

ಧಾರವಾಡ ಜಿಟಿಐ
ಪೂರ್ತಿ ಮುಗಿಯೂದಿಲ್ರಿ. ಅದು ನ್ಯಾಶನಲ್ ಹೈವೇಕ್ಕಷ್ಟ. ಹೈದರಾಬಾದ್ ಔಟರ್ ರಿಂಗ್ ರೋಡಿಗೆ, ಯಮುನಾ ಎಕ್ಸ್‌ಪ್ರೆಸ್‌ವೇಕ್ಕ ಬ್ಯಾರೆ ರೊಕ್ಕಾ. ಆ ಪಾಸಿನ್ಯಾಗ 200 ಸಲ ದಾಟಬಹುದು ಅಂದ್ರ ಒಂದ್ ಟೋಲ್ ನಾಕಾ ಒಂದ್ ಸಲ, ಹೋಗಿ ಬಂದ್ರ ಎರಡ.

ಅತ್ತಿಗುಪ್ಪೆ ಆಕ್ಟೇನ್
ಝಾನ್ಸಿಯಿಂದ ಬರೋನು ಯಮುನಾ ಎಕ್ಸ್‌ಪ್ರೆಸ್‌ವೇ ಯಾಕೆ ಹಿಡೀತಾನೆ? ಅವನು ಎನ್‌ಎಚ್ 44 ಅಂತ ಬರೆದಿದ್ದಾನೆ, ಓದಿ.

ಧಾರವಾಡ ಜಿಟಿಐ
ಮಥುರಾ–ಫರೀದಾಬಾದ್ ಟ್ರಾಫಿಕ್ಕಿನ್ಯಾಗ ಸಿಕ್ಕೊಂಡಾಂವ ಯಾಕ ಹಿಡಿತಾನ ಅಂತ ಕೇಳೂದಿಲ್ಲ.

ಕೋರಮಂಗಲ ಕೇಮನ್
ಫ್ಯೂಯಲ್ ಮುಚ್ಚಳ ನೋಡಿದೆ, ಇ10 ಅಂತಾನೇ ಇದೆ. ಲಾಕ್ ಬೋಲ್ಟಿನ ಅಡಾಪ್ಟರ್ ಟೂಲ್ ಕಿಟ್‌ನಲ್ಲಿ ಇಲ್ಲ, ಹಳೇ ಓನರ್ ಫೋನ್ ಎತ್ತುತ್ತಿಲ್ಲ.

ಟಯರ್ ಶಿವಮೊಗ್ಗ
ಎತ್ತಲ್ಲ. ಶೋರೂಮ್‌ಗೆ ಹೋಗಿ, ಅವರ ಹತ್ರ ಎಲ್ಲ ಅಡಾಪ್ಟರಿನ ಮಾಸ್ಟರ್ ಸೆಟ್ ಇರತ್ತೆ, ಲಾಕ್ ಬೋಲ್ಟ್ ತೆಗೆಸಿ ನಾಲ್ಕು ಸಾದಾ ಬೋಲ್ಟ್ ಹಾಕಿಸಿಬಿಡಿ. ಹಿಂಚಕ್ರದ ಸೈಜಿನ ಹೊಸ ಟಯರ್ ಒಂದು, ಪೋರ್ಷೆ ಒಪ್ಪಿರೋ ಎನ್ ಗುರುತಿಂದೇ, ನನ್ನ ಹತ್ರ ಇದೆ. ಬೇಕಿದ್ರೆ ಹೇಳಿ, ಜಿಟಿಐಯವರಿಗೆ ಮಾತ್ರ ಕೊಡಲ್ಲ.