ಜೈಲು ತೋರಿಸಿದರೆ ಹುಡುಗರು ಸರಿಹೋಗ್ತಾರಾ? ಪುರಾವೆ ಏನು ಹೇಳುತ್ತೆ?

ಹೊಂಗೆನೆರಳು:
13ರಿಂದ 17 ವಯಸ್ಸಿನ ಸುಮಾರು 40 ಹುಡುಗರಿಗೆ ಒಂದು ಕಾರ್ಯಕ್ರಮ ಆಗಬೇಕಿದೆ. ಹೊಡೆದಾಟ, ಸಣ್ಣಪುಟ್ಟ ಕಳವು, ಇಬ್ಬರ ಮೇಲೆ ಪೊಲೀಸ್ ಕೇಸೂ ಇದೆ. ಸಮಿತಿಯ ಮುಂದಿರುವ ಸಲಹೆ ಮೂರು: ಜೈಲಿಗೆ ಕರೆದೊಯ್ದು ಕೈದಿಗಳಿಂದಲೇ ಬುದ್ಧಿ ಹೇಳಿಸುವುದು, ಮಿಲಿಟರಿ ಶಿಸ್ತಿನ ಎರಡು ವಾರದ ಕ್ಯಾಂಪ್, ವಾರಕ್ಕೊಮ್ಮೆ ಗುಂಪು ಕೌನ್ಸೆಲಿಂಗ್. ಒಂದು ವರ್ಷಕ್ಕೆ, ಒಂದೇ ಕಾರ್ಯಕ್ರಮಕ್ಕೆ ಆಗುವಷ್ಟು ದುಡ್ಡಿದೆ. ಯಾವುದಕ್ಕೆ ಗಟ್ಟಿ ಪುರಾವೆ ಇದೆ?

ಅಂಕಿಅಂಶ:
ಜೈಲು ಭೇಟಿಯನ್ನು ಇವತ್ತೇ ಹೊಡೆದುಹಾಕಿ. ಅದು ವ್ಯರ್ಥ ಮಾತ್ರವಲ್ಲ, ಹಾನಿ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಿಂದ 'ಸ್ಕೇರ್ಡ್ ಸ್ಟ್ರೈಟ್' (ಹೆದರಿಸಿ ದಾರಿಗೆ ತರೋದು) ಹೆಸರಲ್ಲಿ ಇದು ಪ್ರಚಾರಕ್ಕೆ ಬಂತು. ಆಮೇಲೆ ಲಾಟರಿ ಎತ್ತಿದ ಹಾಗೆ ಹುಡುಗರನ್ನು ಎರಡು ಪಾಲು ಮಾಡಿ ನಡೆಸಿದ 9 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಜೈಲಿಗೆ ಹೋಗಿಬಂದವರೇ ಹೋಗದವರಿಗಿಂತ ಹೆಚ್ಚು ಅಪರಾಧಕ್ಕೆ ಇಳಿದಿದ್ದರು.

ಮಿಲಿಟರಿ ಶಿಸ್ತಿನ ಕ್ಯಾಂಪ್, ಅಂದರೆ ಬೂಟ್ ಕ್ಯಾಂಪ್‌ಗಳ ಲೆಕ್ಕ ಒಟ್ಟಾರೆ ಸೊನ್ನೆ. ಡ್ರಿಲ್ಲು, ಕೂಗಾಟ ಮುಗಿದ ಮೇಲೆ ಹುಡುಗ ವಾಪಸ್ ಹೋಗೋದು ಅದೇ ಗೆಳೆಯರ ನಡುವೆ, ಅದೇ ಜಗಳಕ್ಕೆ. ಹೊಸದಾಗಿ ಕಲಿತ ಕೌಶಲ ಒಂದೂ ಇರಲ್ಲ.

ಕ್ಯಾಂಪ್‌ನಲ್ಲಿ ಇನ್ನೊಂದು ಅಪಾಯ: ತುಂಟರನ್ನೆಲ್ಲ ಹುಡುಕಿ ಒಂದೇ ಕಡೆ ಕೂಡಿಹಾಕೋದು. ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಶುರುವಾದ ಕೇಂಬ್ರಿಜ್-ಸಾಮರ್‌ವಿಲ್ ಅಧ್ಯಯನದಲ್ಲಿ 506 ಹುಡುಗರನ್ನು ಜೋಡಿ ಮಾಡಿ, ಜೋಡಿಗೊಬ್ಬನಿಗೆ ಸರಾಸರಿ ಐದು ವರ್ಷ ಕೌನ್ಸೆಲಿಂಗ್, ಟ್ಯೂಷನ್, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಸಂಶೋಧಕಿ ಜೋನ್ ಮೆಕಾರ್ಡ್ 30 ವರ್ಷದ ನಂತರ ಹುಡುಕಿ ನೋಡಿದರೆ, ಏನೂ ಸಿಗದ ಜೋಡಿಯವರಿಗಿಂತ ಸಹಾಯ ಪಡೆದವರ ಬದುಕೇ ಹಲವು ವಿಷಯಗಳಲ್ಲಿ ಕೆಟ್ಟಿತ್ತು. ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರದ್ದು ಇನ್ನೂ ಕೆಟ್ಟದ್ದು. ಆದರೂ ಅವರಲ್ಲಿ ಬಹಳ ಜನ 'ನನಗೆ ತುಂಬ ಉಪಕಾರ ಆಯ್ತು' ಅಂತಲೇ ಹೇಳಿದ್ದರು! ಹಾಗಾಗಿ ಕೊನೆಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯದ ಹಾಳೆಯನ್ನು ಪುರಾವೆ ಅಂದುಕೊಳ್ಳಬೇಡಿ.

ನಿಧಾನಿ:
ಮೂರರಲ್ಲಿ ಆರಿಸೋದಾದರೆ ಮೂರನೆಯದು. ಆದರೆ ಬರೀ 'ಕೌನ್ಸೆಲಿಂಗ್' ಅಂದರೆ ಯಾವ ಅರ್ಥವೂ ಇಲ್ಲ, ಒಳಗೆ ಏನು ನಡೆಯುತ್ತೆ ಅನ್ನೋದು ಮುಖ್ಯ. ಪುರಾವೆ ಇರೋದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಮಾದರಿಗೆ, ಅಂದರೆ ತಟ್ಟನೆ ಕೈ ಎತ್ತುವ ಮೊದಲು 'ಇಲ್ಲಿ ನಿಜಕ್ಕೂ ಏನಾಗ್ತಿದೆ' ಅಂತ ಒಂದು ಕ್ಷಣ ತಡೆಯುವ ಅಭ್ಯಾಸಕ್ಕೆ.

ಷಿಕಾಗೋದ 'ಬಿಕಮಿಂಗ್ ಎ ಮ್ಯಾನ್' ಕಾರ್ಯಕ್ರಮ ನೋಡಿ. ಶಾಲೆಯ ಅವಧಿಯಲ್ಲೇ ವಾರಕ್ಕೆ ಒಂದು ಗಂಟೆ, ಗುಂಪಿಗೆ ಹೆಚ್ಚೆಂದರೆ 15 ಹುಡುಗರು. ಮೊದಲ ಅಧ್ಯಯನದಲ್ಲಿ ಇಟ್ಟಿದ್ದು 27 ಸೆಷನ್, ಹುಡುಗರು ಬಂದಿದ್ದು ಸರಾಸರಿ 13ಕ್ಕೆ. ಆದರೂ ಮೊದಲೆರಡು ಅಧ್ಯಯನಗಳಲ್ಲಿ, ಕಾರ್ಯಕ್ರಮ ನಡೆದ ಅವಧಿಯಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಬಂಧನ ಶೇ. 45-50 ತಗ್ಗಿತು.

ಒಂದು ಚಟುವಟಿಕೆ ಹೇಳ್ತೀನಿ, ಮಾದರಿ ಅರ್ಥವಾಗುತ್ತೆ. ಇಬ್ಬಿಬ್ಬರ ಜೋಡಿ, ಒಬ್ಬನ ಕೈಗೆ ಚೆಂಡು. 'ಅವನ ಮುಷ್ಟಿಯಿಂದ ಚೆಂಡು ತಗೋ, 30 ಸೆಕೆಂಡ್ ಟೈಮ್' ಅಂತ ಇನ್ನೊಬ್ಬನಿಗೆ ಹೇಳಿ. ಬೆರಳು ತಿರುಚೋದು, ಎಳೆದಾಟ, ಕೆಳಗೆ ಬೀಳೋದು, ಎಲ್ಲ ಆಗುತ್ತೆ. ಅದಲುಬದಲು ಮಾಡಿದರೂ ಅದೇ. ಆಮೇಲೆ ಒಂದೇ ಪ್ರಶ್ನೆ: 'ಯಾರಾದರೂ ಬಾಯಿಬಿಟ್ಟು ಕೇಳಿದಿರಾ?' 'ಕೇಳಿದ್ರೆ ನನ್ನ ಪುಕ್ಕಲ ಅಂದ್ಕೋತಿದ್ದ' ಅಂತಾನೆ ಒಬ್ಬ. ಜೋಡಿಯವನನ್ನು ಕೇಳಿ ನೋಡಿ: 'ಕೇಳಿದ್ರೆ ಕೊಡ್ತಿದ್ದೆ, ಬರೀ ಚೆಂಡು ತಾನೆ.' ಪಾಠ ಇರೋದು ಈ ಎರಡು ಮಾತಿನ ನಡುವೆ. ನಡೆಸುವವರು ಇಲ್ಲಿ 'ಹೊಡೆದಾಟ ತಪ್ಪು' ಅಂತ ಉಪದೇಶಕ್ಕೆ ಇಳಿದರೋ, ಕಥೆ ಮುಗೀತು.

ಸಾಮಾನ್ಯವಾಗಿ ಎಲ್ಲಿ ಕೆಡುತ್ತೆ: ಶಾಲೆ ಬಿಟ್ಟ ಮೇಲೆ ಇಟ್ಟರೆ ಯಾರೂ ಬರಲ್ಲ (ಕ್ಲಾಸ್ ತಪ್ಪುತ್ತೆ ಅನ್ನೋದೇ ದೊಡ್ಡ ಆಕರ್ಷಣೆ, ಅದನ್ನು ಬಳಸಿಕೊಳ್ಳಿ). ನಡೆಸುವವರು ಮಧ್ಯದಲ್ಲಿ ಬದಲಾದರೆ ನಂಬಿಕೆ ಸೊನ್ನೆಯಿಂದ ಶುರು. ಯಾರನ್ನು ಹೇಗೆ ಬಡಿದೆ ಅಂತ ಒಬ್ಬ ಕೊಚ್ಚಿಕೊಂಡಾಗ ಉಳಿದವರು ನಕ್ಕರೆ, ಆ ನಗುವೇ ಅವನಿಗೆ ಬಹುಮಾನ. ಕ್ಯಾಂಪಿನ ಅಪಾಯ ಗುಂಪಿನೊಳಗೂ ಇದೆ. ಅದಕ್ಕೇ 10 ಜನ ದಾಟಿಸಬೇಡಿ, ನಡೆಸೋಕೆ ಇಬ್ಬರಿರಲಿ, ಅತೀ ಗಲಾಟೆಯವರನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ.

ಮನೆಬಾಗಿಲು:
ಕೇಸ್ ಇರುವ ಇಬ್ಬರಿಗೆ ಈ ಗುಂಪು ಸಾಲದೆ ಹೋಗಬಹುದು. ಗಂಭೀರ ಪ್ರಕರಣವಾದರೆ ಕುಟುಂಬದ ಜೊತೆ ಕೆಲಸ ಆಗಬೇಕು. 'ಮಲ್ಟಿಸಿಸ್ಟಮಿಕ್ ಥೆರಪಿ' ಅನ್ನೋ ಇಂಥ ಒಂದು ವಿಧಾನದಲ್ಲಿ ಒಬ್ಬ ಥೆರಪಿಸ್ಟ್‌ಗೆ 4ರಿಂದ 6 ಕುಟುಂಬ ಮಾತ್ರ, 3ರಿಂದ 5 ತಿಂಗಳು, ಮನೆಗೇ ಹೋಗಿ, ಫೋನ್ ಹಗಲೂ ರಾತ್ರಿ ಆನ್. ದುಬಾರಿ, ಹಾಗಾಗಿ 40 ಜನಕ್ಕೆ ಯೋಚನೆಯನ್ನೇ ಮಾಡಬೇಡಿ.

ಮೊದಲ ಸಲ ಸಣ್ಣ ಕಳವು ಅಷ್ಟೇ ಆಗಿದ್ದರೆ ಉಲ್ಟಾ: ಕೋರ್ಟಿನವರೆಗೆ ಎಳೆಯದೆ ಹೊರಗೇ ಇತ್ಯರ್ಥ ಆಗುವ ದಾರಿ ಹುಡುಕಿ. ಔಪಚಾರಿಕ ವಿಚಾರಣೆಗೆ ಒಳಪಡಿಸಿದರೆ ಅಪರಾಧ ತಗ್ಗುತ್ತಾ ಅಂತ 29 ಪ್ರಯೋಗಗಳನ್ನು ಜೋಡಿಸಿ ನೋಡಿದ್ದಾರೆ, ತಗ್ಗಲ್ಲ.

ಹೊಂಗೆನೆರಳು:
ಸರಿ, ಗುಂಪೇ ಮಾಡ್ತೀವಿ. ಆದರೆ ಫಲ ಸಿಕ್ಕಿದೆ ಅಂತ ವರ್ಷದ ಕೊನೆಗೆ ಸಮಿತಿಗೆ ತೋರಿಸೋದು ಹೇಗೆ? ಈ ವರ್ಷದ ಗಲಾಟೆ ಹೋದ ವರ್ಷಕ್ಕಿಂತ ಕಮ್ಮಿ ಅಂದರೆ ಸಾಲದೇ?

ಅಂಕಿಅಂಶ:
ಸಾಲದು. ನೀವು ಹುಡುಗರನ್ನು ಆರಿಸಿದ್ದೇ ಅವರ ಅತಿ ಕೆಟ್ಟ ದಿನಗಳನ್ನು ನೋಡಿ. ಏನೂ ಮಾಡದಿದ್ದರೂ ಮುಂದಿನ ವರ್ಷ ಸ್ವಲ್ಪ ಇಳಿಯುತ್ತೆ. ಬಹುಪಾಲು ಹುಡುಗರು ವಯಸ್ಸು ಬಲಿತ ಹಾಗೆ ತಾವಾಗೇ ಬಿಟ್ಟುಬಿಡ್ತಾರೆ ಕೂಡ.

40 ಹೆಸರು ಚೀಟಿ ಹಾಕಿ, 20 ಎತ್ತಿ. ಈ 20 ಜನ 10-10ರ ಎರಡು ಗುಂಪು, ಉಳಿದವರಿಗೆ ಮುಂದಿನ ಸರದಿ. ಚೀಟಿ ಎತ್ತಿದ ಮೇಲೆ 'ಪಾಪ, ಇವನಿಗೆ ಬೇಕಿತ್ತು' ಅಂತ ಒಬ್ಬನನ್ನು ಬದಲಿಸಿದರೂ ಹೋಲಿಕೆ ಕೆಟ್ಟಿತು. ಬಂಧನ ಎಣಿಸಬೇಡಿ, 20 ಜನರಲ್ಲಿ ಅದು ಒಂದೋ ಎರಡೋ ಆಗುತ್ತೆ, ಏನೂ ಗೊತ್ತಾಗಲ್ಲ. ಹಾಜರಾತಿಯ ದಿನಗಳು, ದೂರು ಪುಸ್ತಕದಲ್ಲಿ ಬರೆದ ಹೊಡೆದಾಟಗಳು, ಇವನ್ನು ಎರಡೂ ಕಡೆ ಒಂದೇ ರೀತಿ ಪ್ರತಿ ತಿಂಗಳು ಬರೆದಿಡಿ. ಇಷ್ಟು ಕಡಿಮೆ ಜನರಲ್ಲಿ ದೊಡ್ಡ ವ್ಯತ್ಯಾಸ ಮಾತ್ರ ಕಣ್ಣಿಗೆ ಬೀಳೋದು ಅಂತ ಸಮಿತಿಗೆ ಮೊದಲೇ ಹೇಳಿಬಿಡಿ.

ಇನ್ನೊಂದು: ಎರಡು ಸೆಷನ್ ಬಂದು ಬಿಟ್ಟುಹೋದವನನ್ನು ಪಟ್ಟಿಯಿಂದ ತೆಗೆಯಬೇಡಿ. ಬಿಟ್ಟುಹೋಗುವವರು ಸಾಮಾನ್ಯವಾಗಿ ಹೆಚ್ಚು ಕಷ್ಟದ ಹುಡುಗರೇ. ಅವರನ್ನು ಕೈಬಿಟ್ಟು ಲೆಕ್ಕ ಹಾಕಿದರೆ ಯಾವ ಕಾರ್ಯಕ್ರಮವಾದರೂ ಚೆನ್ನಾಗೇ ಕಾಣುತ್ತೆ, ಆ ಜೈಲು ಭೇಟಿ ಕೂಡ.