ಶೆಟ್ರ ಮನೆಗೆ ನಾಲ್ಕು ಚಕ್ರ

ನಮ್ಮ ಕಾಸರಗೋಡು ಕಡೆಯ ನೀರ್ಚಾಲಿನ ಶೆಟ್ರು ಹಳೆ ಕ್ಯಾರವಾನ್ ಒಂದನ್ನು ಕೊಂಡ ಮೇಲೆ ಬದಿಯಡ್ಕದ ಹೋಟೆಲಿನ ನಮ್ಮ ಮೇಜಿನಲ್ಲಿ ಬೇರೆ ಮಾತೇ ಇಲ್ಲ. ಹೆದ್ದಾರಿಯ ಧೂಳು, ಕನ್ನಡ ಶಾಲೆಗೆ ಬಂದ ಕನ್ನಡ ಬಾರದ ಮಾಷ್ಟ್ರು, ಎಲ್ಲ ಹಿಂದೆ ಬಿತ್ತು. ಗಾಡಿ ಟೆಂಪೋ ಟ್ರಾವೆಲರಿನ ಮೇಲೆ ಕಟ್ಟಿದ್ದು. ಒಳಗೆ ಮಂಚ, ಒಲೆ, ಸಿಂಕು, ಫ್ರಿಜ್, ಒಬ್ಬರು ಅಡ್ಡ ತಿರುಗಲಾಗದಷ್ಟು ದೊಡ್ಡ ಕಕ್ಕಸು. 2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಪ್ರವಾಸದ ನೀತಿ ತಂದಾಗಲೇ ಶೆಟ್ರಿಗೆ ಆಸೆ ಹುಟ್ಟಿತ್ತು. ಗಲ್ಫಿನಿಂದ ಬಂದವರೊಬ್ಬರು ಮಾರುತ್ತಾರೆಂದು ಗೊತ್ತಾದದ್ದೇ ತಡ, ಅಂಗಳಕ್ಕೆ ತಂದು ನಿಲ್ಲಿಸಿದರು. ಅದು ಅಲ್ಲೇ ನಿಂತಿತು.

"ಲೈಟು ಮಿಣಮಿಣ ಅಂತದೆ ಮಾರಾಯ್ರೆ. ಬ್ಯಾಟರಿ ಹೋಗಿದೆ. ಹೊಸದು ಹಾಕಿಸ್ತೇನೆ" ಎಂದರು ಶೆಟ್ರು.

"ಹಾಕಿಸಿ, ಹಾಕಿಸಿ. ಹಳೆಯದನ್ನು ನನಗೆ ಕೊಡಿ" ಎಂದರು ಅಂದುಚ್ಚ. ಅಂದುಚ್ಚನಿಗೆ ಪೇಟೆಯಲ್ಲಿ ಆಟೋ ಇಲೆಕ್ಟ್ರಿಕ್ ಅಂಗಡಿ. ಅವರು ಯಾವುದನ್ನಾದರೂ ಹಾಗೆ ಕೇಳಿದರೆ ಅದು ಹಾಳಾಗಿಲ್ಲ ಎಂದೇ ಅರ್ಥ.

ನಮ್ಮ ಮೇಜಿನ ಮಾಷ್ಟ್ರು ಬನ್ಸ್ ಮುರಿಯುತ್ತಾ, "ಮೀಟರ್ ಇಟ್ಟು ನೋಡಿದ್ದೀರಾ?" ಎಂದರು.

"ನೋಡಿದೆ. ಹನ್ನೆರಡು ವೋಲ್ಟು ಚಿಲ್ಲರೆ ತೋರಿಸ್ತದೆ."

"ಆ ಚಿಲ್ಲರೆಯಲ್ಲೇ ಎಲ್ಲ ಇರುವುದು!" ಅಂದುಚ್ಚ ಮೇಜಿಗೆ ಕುಟ್ಟಿದರು. "ಚಾರ್ಜ್ ಮಾಡಿ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟ ಬ್ಯಾಟರಿ 12.7 ತೋರಿಸಿದರೆ ಹೊಟ್ಟೆ ತುಂಬಿದೆ. 12.2 ಅಂದರೆ ಅರ್ಧ. 12ರ ಕೆಳಗೆ ಹೋದರೆ ಪಾಪ, ಹಸಿವು. ಚಿಲ್ಲರೆ ಎಷ್ಟು?"

ಶೆಟ್ರು ಚಿಲ್ಲರೆ ಬರೆದಿಟ್ಟುಕೊಂಡಿರಲಿಲ್ಲ. ಹಾಗಾಗಿ ನಾವೆಲ್ಲ ಅವರದೇ ಜೀಪಿನಲ್ಲಿ ನೀರ್ಚಾಲಿಗೆ ಹೋದೆವು. ಚಾದ ದುಡ್ಡೂ ಅವರೇ ಕೊಟ್ಟರು.

ಬ್ಯಾಟರಿ 12.6 ಇತ್ತು. ಲೈಟು ಹಾಕಿದಾಗ 12.4. ಅದೇ ಹೊತ್ತಿಗೆ ಲೈಟಿನ ಬುಡದಲ್ಲಿ ಅಳೆದರೆ 10.8. "ಒಂದೂವರೆ ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಯಾರೋ ತಿನ್ನುತ್ತಾರೆ" ಎಂದರು ಅಂದುಚ್ಚ. ಬ್ಯಾಟರಿಯ ಮೈನಸ್ಸಿನಿಂದ ಉದ್ದದ ವಯರೊಂದನ್ನು ಎಳೆದು ಲೈಟಿನ ಮೈನಸ್ಸಿಗೆ ಮುಟ್ಟಿಸಿದರು. ಲೈಟು ಭಗ್ಗೆಂದು ಉರಿಯಿತು. ಶೆಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿಗೆ ಕಳ್ಳ ಸಿಕ್ಕ ಹಾಗೆ. ಹಳೆ ಗಾಡಿಗಳಲ್ಲಿ ಮೈನಸ್ ಬಾಡಿಯ ಮೂಲಕವೇ ವಾಪಸು ಬರುವುದು. ಮೈನಸ್ ವಯರನ್ನು ಬಾಡಿಗೆ ಜೋಡಿಸುವ ಆ ಅರ್ತಿನ ಬೋಲ್ಟು ಮಂಚದಡಿ ತುಕ್ಕು ಹಿಡಿದು ಕೂತಿತ್ತು. ತಾಮ್ರದ ತುದಿ ಪಾಚಿ ಹಸಿರು. ಗಾಡಿ ಮೊದಲು ಇದ್ದದ್ದು ಕುಂಬಳೆ ಕಡಲ ಬದಿಯಲ್ಲಿ. ಉಪ್ಪುಗಾಳಿ ತನ್ನ ಕೆಲಸ ಮಾಡಿತ್ತು.

ಬೋಲ್ಟು ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಕಬ್ಬಿಣ ಹೊಳೆಯುವಷ್ಟು ಉಜ್ಜಿ, ವಯರಿನ ತುದಿಗೆ ಹೊಸ ಲಗ್ ಹಾಕಿ ಬಿಗಿದು, ಮೇಲಿಂದ ವ್ಯಾಸಲಿನ್ ಸವರಿದರು. ಖರ್ಚು ಒಂದು ಊಟದಷ್ಟೂ ಇಲ್ಲ. ಹೊಸ ಬ್ಯಾಟರಿ ಹಾಕಿದ್ದರೂ ಲೈಟು ಮಿಣಮಿಣವೇ ಇರುತ್ತಿತ್ತು. ಆಮೇಲೆ ಶೆಟ್ರು ಲೈಟು ಬದಲಿಸುತ್ತಿದ್ದರು. ಆಮೇಲೆ ವಯರು. ಹಳೆ ಗಾಡಿಯಲ್ಲಿ ಹತ್ತರಲ್ಲಿ ಎಂಟು ರೋಗ ಯಂತ್ರದಲ್ಲಲ್ಲ, ಜೋಡಣೆಯಲ್ಲಿ ಎಂಬುದು ಅಂದುಚ್ಚನ ಸಿದ್ಧಾಂತ. ನನಗೂ ಅದು ಸರಿಯೆನಿಸುತ್ತದೆ. ಆದರೆ ಸಾಮಾನು ಮಾರುವ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

"ಇನ್ನೊಂದು ಉಂಟು" ಎಂದರು ಶೆಟ್ರು, ದನಿ ತಗ್ಗಿಸಿ. "ರಾತ್ರಿ ನಲ್ಲಿ ಎಲ್ಲ ಬಂದ್ ಮಾಡಿ ಮಲಗಿದರೂ ಗಾಡಿಯೊಳಗೆ ಟುರ್ರ್ ಅಂತ ಶಬ್ದ. ನಿಲ್ತದೆ. ಸ್ವಲ್ಪ ಕಳೆದು ಪುನಃ ಟುರ್ರ್. ನನ್ನ ಹೆಂಡತಿ ಗುಳಿಗ ದೈವಕ್ಕೆ ಹರಕೆ ಹೇಳಿ ಆಗಿದೆ."

ಇಷ್ಟು ಹೊತ್ತು ಸುಮ್ಮನಿದ್ದ ಭಟ್ರಿಗೆ ಈಗ ಜೀವ ಬಂತು. ಭಟ್ರು ಅಡಿಕೆ ತೋಟದವರು. ಮಳೆಗಾಲದ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಪಂಪನ್ನು ಸ್ವತಃ ಬಿಚ್ಚಿ ಕಟ್ಟುವವರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಲೋಕದ ಎಲ್ಲ ಪಂಪುಗಳೂ ಅವರಿಗೆ ಆ ಪಂಪಿನ ಸಂಬಂಧಿಕರೇ.

"ಗುಳಿಗನೂ ಅಲ್ಲ, ಮಣ್ಣೂ ಅಲ್ಲ. ನಿಮ್ಮ ಪಂಪಿನಲ್ಲಿ ಪ್ರೆಶರ್ ಸ್ವಿಚ್ ಉಂಟಲ್ವಾ? ಪೈಪಿನಲ್ಲಿ ಒತ್ತಡ ಇಳಿದರೆ ಅದು ಪಂಪನ್ನು ಎಬ್ಬಿಸ್ತದೆ. ನಲ್ಲಿ ಬಂದ್ ಇದ್ದೂ ಎಬ್ಬಿಸ್ತದೆ ಅಂದರೆ ನೀರು ಎಲ್ಲಿಗೋ ಹೋಗ್ತಾ ಉಂಟು."

"ನೆಲ ಒಣಗಿಯೇ ಇದೆಯಲ್ಲ?"

"ಒಂದೊಂದು ಹನಿ ಸಾಕು."

ಭಟ್ರು ಪಂಪಿನ ಹೊರ ಬಾಯಿಯ ವಾಲ್ವ್ ಮುಚ್ಚಿದರು. ಆಗಲೂ ಟುರ್ರ್ ಬಂದರೆ ತಪ್ಪು ಪಂಪಿನ ಒಳಗಿನ ವಾಲ್ವಿನದು, ಬಾರದಿದ್ದರೆ ಮುಂದಿನ ಪೈಪಿನದು. ನಾವು ಐದು ಜನ ಉಸಿರು ಬಿಗಿಹಿಡಿದು ಪಂಪಿನ ಸುತ್ತ ಕೂತೆವು. ಶಬ್ದವಿಲ್ಲ. ಕಡೆಗೆ ಕಕ್ಕಸಿನ ಫ್ಲಶ್ಶಿನ ಹಿಂದೆ ಒಂದು ಸಡಿಲ ಕ್ಲಿಪ್ಪು ಸಿಕ್ಕಿತು. ಪಂಪಿಗೆ ನೀರು ಬರುವ ಬಾಯಿಯ ಜಾಲರಿಯನ್ನೂ ಬಿಚ್ಚಿ ಅದರಿಂದ ಒಂದು ಮುಷ್ಟಿ ಕೆಸರು ತೆಗೆದರು. ಹರಕೆ ಮಾತ್ರ ಹಿಂದೆ ತೆಗೆಯಲಾಗುವುದಿಲ್ಲ ಎಂದು ಮಾಷ್ಟ್ರು ತೀರ್ಪು ಕೊಟ್ಟರು.

ಫ್ರಿಜ್ಜಿನ ಕತೆ ಮಾಷ್ಟ್ರ ಪಾಲಿಗೆ ಬಂತು. ಅದು ಮನೆ ಕರೆಂಟು, ಬ್ಯಾಟರಿ, ಗ್ಯಾಸು ಮೂರರಲ್ಲೂ ನಡೆಯುವ ಜಾತಿ. ಕಂಪ್ರೆಸರ್ ಇಲ್ಲ, ಶಬ್ದ ಇಲ್ಲ. ಶೆಟ್ರ ಪ್ರಕಾರ ತಂಪೂ ಇಲ್ಲ.

"ಇದರಲ್ಲಿ ತಿರುಗುವ ಒಂದು ತುಂಡೂ ಇಲ್ಲ" ಎಂದು ಮಾಷ್ಟ್ರು ಪಾಠ ಶುರು ಮಾಡಿದರು. "ಅಮೋನಿಯಾವನ್ನು ಕಾಯಿಸಿಯೇ ತಂಪು ಮಾಡುವುದು. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದದ್ದು. ಐನ್‌ಸ್ಟೈನ್ ಕೂಡ ಇದೇ ಜಾತಿಯ ಫ್ರಿಜ್ಜಿಗೆ ಪೇಟೆಂಟ್ ತೆಗೆದಿದ್ದರು, ಗೊತ್ತುಂಟಾ?"

"ಅವರು ನೀರ್ಚಾಲಿಗೆ ಬರ್ತಾರಾ?" ಎಂದರು ಶೆಟ್ರು.

ಬರಬೇಕಾಗಲಿಲ್ಲ. ಆ ಫ್ರಿಜ್ಜಿನೊಳಗೆ ದ್ರವ ತನ್ನ ತೂಕಕ್ಕೆ ತಾನೇ ಇಳಿದು ಹರಿಯಬೇಕು. ಗಾಡಿ ಓರೆಯಾಗಿ ನಿಂತರೆ ಅಲ್ಲಲ್ಲೇ ನಿಲ್ಲುತ್ತದೆ, ತಂಪಾಗುವುದಿಲ್ಲ. ನಮ್ಮ ಕಡೆ ಸಮತಟ್ಟು ಜಾಗ ಎಂದರೆ ಶಾಲೆಯ ಮೈದಾನ ಮಾತ್ರ. ಶೆಟ್ರ ಅಂಗಳವೋ ತೋಟದ ಕಡೆಗೆ ಜಾರುತ್ತದೆ. ಮೇಸ್ತ್ರಿಯ ರಸಮಟ್ಟ ತಂದು ಫ್ರಿಜ್ಜಿನೊಳಗೆ ಇಟ್ಟರೆ ಗುಳ್ಳೆ ಒಂದು ಮೂಲೆಗೆ ಓಡಿತು. ಚಕ್ರದಡಿ ಹಲಗೆ ಕೊಟ್ಟು ಗಾಡಿ ನೇರ ಮಾಡಿದೆವು. ಗ್ಯಾಸಿನ ಬರ್ನರಿನ ಬಾಯಲ್ಲಿ ಜೇಡ ಸಂಸಾರ ಹೂಡಿತ್ತು, ಅದನ್ನೂ ಒಕ್ಕಲೆಬ್ಬಿಸಿದೆವು. ಹಿಂದುಗಡೆ ಹಳದಿ ಕಲೆ, ಮೂಗು ಸುಡುವ ವಾಸನೆ ಇರಲಿಲ್ಲ. ಇದ್ದಿದ್ದರೆ ಫ್ರಿಜ್ಜಿನ ಕೊಳವೆಯೇ ತೂತಾದಂತೆ, ಯಾರೂ ಮುಟ್ಟಬಾರದು. ಮಾರನೇ ಬೆಳಗ್ಗೆ ಶೆಟ್ರು ಐಸಿನ ಫೋಟೋ ಕಳಿಸಿದರು. ಬರೀ ಐಸು, ಹಿನ್ನೆಲೆಯಲ್ಲಿ ಏನೂ ಇಲ್ಲ.

ನಗು ನಿಂತದ್ದು ಗ್ಯಾಸಿನ ಗೂಡಿನ ಹತ್ತಿರ. ಅದರ ತಳದ ತೂತಿಗೆ ಯಾರೋ ಎಂ-ಸೀಲ್ ಮೆತ್ತಿದ್ದರು. "ಇಲಿ ಬಾರದ ಹಾಗೆ ಇರಬೇಕು" ಎಂದರು ಶೆಟ್ರು. ಅಂದುಚ್ಚ ಮಾತಾಡದೆ ಸ್ಕ್ರೂಡ್ರೈವರಿನಲ್ಲಿ ಅದನ್ನು ಕೆತ್ತಿ ತೆಗೆದರು. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೆ ತುಂಬಿಕೊಳ್ಳುತ್ತದೆ, ಆ ತೂತು ಇರುವುದೇ ಅದು ಹೊರಗೆ ಹೋಗಲಿ ಎಂದು. ಇಲಿಗೆ ಬೇಕಾದರೆ ಸಣ್ಣ ಜಾಲರಿ ಹಾಕಬಹುದು. ಪೈಪಿನ ಗಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿದೆವು. ರಬ್ಬರ್ ಪೈಪಿನ ಮೇಲಿನ ವರ್ಷ ನೋಡಿ ಅದನ್ನು ಹಾಗೇ ಕಿತ್ತು ಬಿಸಾಡಿ ಹೊಸತು ಹಾಕಿದೆವು.

ಮಾಡಿನ ಸೋರಿಕೆಗೆ ಭಟ್ರ ಮದ್ದು ಟರ್ಪಾಲು. ಅವರ ಎಲ್ಲ ಸೋರಿಕೆಗೂ ಅದೇ ಮದ್ದು. ಹಳೆ ಸೀಲಂಟಿನ ಮೇಲೆ ಹೊಸತು ಮೆತ್ತಿದರೆ ನಿಲ್ಲುವುದಿಲ್ಲ, ಕೆರೆದು ತೆಗೆದೇ ಹಾಕಬೇಕು ಎಂದು ಅಂದುಚ್ಚ. ಆಟಿಯ ಮಳೆ ಸುರಿಯುವಾಗ ಇಬ್ಬರಲ್ಲಿ ಯಾರು ಸರಿ ಎಂದು ಗೊತ್ತಾಗುತ್ತದೆ.

ಸಂಜೆ ಹೊತ್ತಿಗೆ ಲೈಟು ಉರಿಯಿತು, ನೀರು ಬಂತು, ಒಲೆ ಹತ್ತಿತು. ಶೆಟ್ರಮ್ಮ ಅದೇ ಒಲೆಯಲ್ಲಿ ಚಾ ಮಾಡಿ ಕೊಟ್ಟರು. ಶೆಟ್ರು ನಾಳೆಯೇ ಬೇಕಲ ಕೋಟೆ, ಆಮೇಲೆ ರಾಣಿಪುರಂ ಎಂದು ಪಟ್ಟಿ ಹಾಕತೊಡಗಿದರು. ಅಂದುಚ್ಚ ಮಾತ್ರ ಮಂಡಿಯೂರಿ ಟಯರಿನ ಪಕ್ಕೆಯನ್ನು ಬೆರಳಿನಿಂದ ಉಜ್ಜುತ್ತಿದ್ದರು.

"ಟಯರು ಎ ಒನ್. ಗುಂಡಿ ನೋಡಿ, ಸವೆದೇ ಇಲ್ಲ" ಎಂದರು ಶೆಟ್ರು.

"ನಿಂತಲ್ಲೇ ನಿಂತರೆ ಎಂತ ಸವೆಯುವುದು? ಈ ನಾಲ್ಕು ಅಂಕೆ ಓದಿ ಮಾಷ್ಟ್ರೇ."

ಮಾಷ್ಟ್ರು ಕನ್ನಡಕ ಏರಿಸಿದರು. "2311."

"ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 2011ರ ಇಪ್ಪತ್ತಮೂರನೇ ವಾರ ಹುಟ್ಟಿದ್ದು. ಪಕ್ಕೆ ಪೂರ್ತಿ ಸೀಳು ಬಿಟ್ಟಿದೆ. ಶೆಟ್ರೆ, ನಿಮ್ಮ ಮನೆ ರೆಡಿ. ಗಾಡಿ ಬಾಕಿ ಉಂಟು."

ಶೆಟ್ರು ಒಂದೊಂದೇ ಟಯರಿನ ಹತ್ತಿರ ಹೋಗಿ ಬಗ್ಗಿ ಓದಿ ಬಂದರು. ಎಲ್ಲ ಒಂದೇ ವಾರದವು. ಚಾದ ಲೋಟ ಕೆಳಗಿಟ್ಟು ಭಟ್ರ ಕಡೆ ತಿರುಗಿದರು.

"ಭಟ್ರೆ, ಹಳೆ ಅಡಿಕೆಗೆ ಈಗ ಧಾರಣೆ ಎಷ್ಟುಂಟು?"